ಕೈ ಬೇಡದ ಕುಣಿತ

ಮೊನ್ನೆ ಎದುರು ಟವರಿನ ಬಾಲ್ಕನಿಯಲ್ಲಿ ಯಾರೋ ಒಂದೇ ಒಂದು ತೋಳನ್ನು ಒಣಗಲು ಹಾಕಿದ್ದರು. ಅಂಗಿಯಲ್ಲ, ತೋಳು ಮಾತ್ರ. ಚರ್ಮದ ಬಣ್ಣದ್ದು, ಮಣಿಕಟ್ಟಿನಿಂದ ಹೆಗಲಿನವರೆಗೆ ಬರುವಂಥ ಬಿಗಿ ಎಲಾಸ್ಟಿಕ್ಕಿನದು. ಎರಡು ಕ್ಲಿಪ್ಪುಗಳ ನಡುವೆ ಗುರುಗ್ರಾಮದ ಧೂಳುಗಾಳಿಗೆ ಅಲ್ಲಾಡುತ್ತಿತ್ತು. ಗೊತ್ತಿಲ್ಲದವರು ಕ್ರಿಕೆಟ್ ಆಡುವವರ ಯಾವುದೋ ಸಾಮಾನು ಅಂದುಕೊಂಡಾರು. ನನಗೆ ಗೊತ್ತಿತ್ತು. ವರ್ಷಕ್ಕೂ ಮೇಲೆ, ದಿನಾ ಬೆಳಿಗ್ಗೆ, ಅಂಥದ್ದೊಂದನ್ನು ಇನ್ನೊಬ್ಬರ ಕೈಗೆ ಏರಿಸಿದವಳು ನಾನು. ಮೊದಲು ಪೌಡರ್ ಹಚ್ಚದಿದ್ದರೆ ಅದು ಮೊಣಕೈ ದಾಟುವುದೇ ಇಲ್ಲ.

ಚಹಾ ಆರಿಹೋಗುವವರೆಗೂ ನೋಡುತ್ತ ನಿಂತಿದ್ದೆ. ದುಃಖವೇನೂ ಆಗಲಿಲ್ಲ. ಆಗಬೇಕಿತ್ತು ಅನ್ನಿಸಿತು, ಅಷ್ಟೇ.

ಎರಡು ಸಾವಿರದ ದಶಕದ ಮಧ್ಯದ ಮಾತು. ಆಗ ನನಗೆ ಇಪ್ಪತ್ತಾರು ವರ್ಷ, ಆಗಿನ್ನೂ ಗುರ್ಗಾಂವ್ ಎನ್ನುತ್ತಿದ್ದ ಇದೇ ಊರಿನಲ್ಲಿ ಕೆಲಸ. ದೆಹಲಿಯ ವಸಂತ್ ಕುಂಜ್‌ನ ಸರ್ಕಾರಿ ಫ್ಲ್ಯಾಟೊಂದರ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದೆ. ಅದೇ ಮೆಟ್ಟಿಲಿನ ಕೆಳಮನೆಯಲ್ಲಿ ಟೀಚರ್ ಇದ್ದರು. ಭರತನಾಟ್ಯದ ಟೀಚರ್. ಮೈಸೂರಿನವರು, ಮದುವೆಯಾಗಿ ದೆಹಲಿಗೆ ಬಂದು ಇಪ್ಪತ್ತೈದು ವರ್ಷ ದಾಟಿತ್ತು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು ಪುಣೆಯಲ್ಲಿ. ಶನಿವಾರ, ಭಾನುವಾರ ಬೆಳಿಗ್ಗೆ ಸೋಫಾವನ್ನು ಗೋಡೆಗೆ ಒತ್ತಿ ಕ್ಲಾಸು. ಹದಿನಾಲ್ಕು ಹುಡುಗಿಯರು. ಅರ್ಧದಷ್ಟು ಕನ್ನಡದವರು, ಉಳಿದವರು ಪಂಜಾಬಿ, ಬಂಗಾಳಿ. ಮರದ ಮಣೆಯ ಮೇಲೆ ಕೋಲು ತಟ್ಟುತ್ತ "ಮಂಡಿ, ಮಂಡಿ ಮಡಚಿ! ಘುಟ್ನಾ ಮೋಡೋ!" ಎಂದು ಅವರು ಕನ್ನಡ, ಹಿಂದಿ ಎರಡರಲ್ಲೂ ಬೈಯುತ್ತಿದ್ದದ್ದು ಮೂರನೇ ಮಹಡಿಗೆ ಚೆನ್ನಾಗಿ ಕೇಳುತ್ತಿತ್ತು. ವಾರವೆಲ್ಲ ದುಡಿದು ಶನಿವಾರವಾದರೂ ಮಲಗೋಣವೆಂದರೆ ಈ ಗಲಾಟೆ. ಮನಸ್ಸಿನಲ್ಲೇ ಎಷ್ಟು ಶಪಿಸಿದ್ದೆನೋ.

ಆಮೇಲೆ ಒಂದು ಚಳಿಗಾಲದಲ್ಲಿ ಆ ಶಬ್ದ ನಿಂತಿತು. ಟೀಚರ್ ಬಾತ್‌ರೂಮಿನಲ್ಲಿ ಜಾರಿಬಿದ್ದು ಭುಜ ಮುರಿದುಕೊಂಡಿದ್ದಾರೆ ಎಂದು ಸುದ್ದಿ. ನಾನು ಸುಖವಾಗಿ ಮಲಗಬಹುದಿತ್ತು. ಮಲಗಿದೆ ಕೂಡ.

ಒಂದು ತಿಂಗಳು ಇದ್ದು ಆರೈಕೆ ಮಾಡಿದ ಮಗಳು ಪುಣೆಗೆ ಮರಳಿದ ಮಾರನೆಯ ದಿನ ಟೀಚರ್ ನನ್ನನ್ನು ಕೆಳಗೆ ಕರೆದರು. ಬಾಗಿಲು ಹಾಕಿ, ಎಡಗೈಯ ಮೇಲಿನ ಶಾಲು ಸರಿಸಿದರು. ಭುಜ ಮುರಿದಿರಲಿಲ್ಲ. ಎದೆಯ ಗಡ್ಡೆಗೆ ಆಪರೇಷನ್ ಆಗಿತ್ತು, ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಕೈ ಊದಿಕೊಂಡಿತ್ತು, ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಆ ಎಲಾಸ್ಟಿಕ್ ತೋಳನ್ನು ಒಂದೇ ಕೈಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ದಿನಾ ಯಾರಾದರೂ ಬೇಕು. ಆ ಯಾರಾದರೂ ನಾನಾದದ್ದು ಹೇಗೆಂದು ಆಮೇಲೆ ಯೋಚಿಸಿದ್ದೇನೆ. ಬಾಡಿಗೆಯವಳು, ನಾಳೆ ಖಾಲಿ ಮಾಡಿಕೊಂಡು ಹೋಗುವವಳು, ಕಾಲೋನಿಯ ಹೆಂಗಸರ ಜೊತೆ ಒಡನಾಟವಿಲ್ಲದವಳು. ಗುಟ್ಟು ಇಡಲು ಒಳ್ಳೆಯ ಜಾಗ.

"ಯಾರಿಗೂ ಗೊತ್ತಾಗೋದು ಬೇಡ ಕಣೇ. ಗೊತ್ತಾದ ದಿನದಿಂದ ನಾನು ಟೀಚರ್ ಆಗಿರಲ್ಲ, 'ಅಯ್ಯೋ ಪಾಪ' ಆಗಿಬಿಡ್ತೀನಿ" ಎಂದಿದ್ದರು.

ಹೀಗೆ ನನ್ನ ಬೆಳಗು ಬದಲಾಯಿತು. ಎಂಟು ಗಂಟೆಗೆ ಕೆಳಗಿಳಿಯುವುದು, ಪೌಡರ್ ಹಚ್ಚುವುದು, ತೋಳನ್ನು ಮಡಚಿ ಬೆರಳಿನ ಕಡೆಯಿಂದ ಸ್ವಲ್ಪಸ್ವಲ್ಪವೇ ಏರಿಸುವುದು. ಎಲ್ಲೂ ಸುಕ್ಕು ಉಳಿಯಬಾರದು. ಅಷ್ಟು ಹೊತ್ತಿಗೆ ಹೊರಗೆ ಆಫೀಸಿನ ಕ್ಯಾಬ್ ಹಾರ್ನ್ ಹೊಡೆಯಲು ಶುರು ಮಾಡುತ್ತಿತ್ತು. ಅವರು ಕೊಡುತ್ತಿದ್ದ ಕಾಫಿಯನ್ನು ನಿಂತೇ ಕುಡಿದು ಓಡುತ್ತಿದ್ದೆ. ಕರುಣೆಯಿಂದ ಮಾಡಿದೆ ಎಂದು ಹೇಳಿಕೊಳ್ಳಲಾರೆ. ಇಲ್ಲ ಎನ್ನಲು ಬಾಯಿ ಬಂದಿರಲಿಲ್ಲ, ಆಮೇಲೆ ರೂಢಿಯಾಯಿತು.

ಪರಿಚಯವಾಗಿ ಸಲಿಗೆ ಬೆಳೆದ ಮೇಲೆ ಒಮ್ಮೆ ಕೇಳಿದೆ, ಕೈ ಆಡದಿದ್ದರೇನು, ಕೂತುಕೊಂಡೇ ಪಾಠ ಹೇಳಬಹುದಲ್ಲ ಎಂದು. ಅವರು ಮರದ ಮಣೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದ್ದರು. "ನಮಸ್ಕಾರ ಮಾಡೋಕಾಗಲ್ವಲ್ಲ" ಎಂದರು. ಕುಣಿಯುವ ಮುಂಚೆ ಭೂಮಿಗೆ ಮಾಡುವ ನಮಸ್ಕಾರ. ಎರಡೂ ಕೈ ತಲೆಯ ಮೇಲೆ ಎತ್ತಿ, ಕೂತು, ನೆಲ ಮುಟ್ಟಿ, ನಿನ್ನನ್ನು ತುಳಿಯುತ್ತೇನೆ, ಕ್ಷಮಿಸು ಎಂದು ಕೇಳಿಕೊಳ್ಳುವುದು. ಅದಾಗದೆ ಒಂದು ಹೆಜ್ಜೆಯನ್ನೂ ಹಾಕುವಂತಿಲ್ಲ, ಹಾಕಿಸುವಂತೆಯೂ ಇಲ್ಲ. ಆರನೇ ವಯಸ್ಸಿನಿಂದ ಅವರು ಒಂದು ದಿನವೂ ಅದನ್ನು ಬಿಟ್ಟವರಲ್ಲ. ಅರ್ಧ ಕೈಯಲ್ಲಿ ಅರ್ಧ ನಮಸ್ಕಾರ ಮಾಡಲು ಅವರು ತಯಾರಿರಲಿಲ್ಲ. ನನಗೆ ಅದು ವಿಪರೀತ ಅನ್ನಿಸಿತು.

ಮರುವರ್ಷ ಮಾರ್ಚಿನಲ್ಲಿ ನಮ್ಮ ಆಫೀಸಿನವರು ನಗರದ ನಡುವೆ ಒಂದು ಸಭಾಭವನದಲ್ಲಿ ನಡೆಯುವ ಐರಿಷ್ ಸಂಸ್ಕೃತಿ ಉತ್ಸವಕ್ಕೆ ಕೆಲವರನ್ನು ಸ್ವಯಂಸೇವಕರಾಗಿ ಕಳಿಸಿದರು. ಕಂಪನಿಯ ದೊಡ್ಡ ಗಿರಾಕಿ ಐರ್ಲೆಂಡಿನವರು, ಹಾಗಾಗಿ ನಮ್ಮ ಶನಿವಾರ, ಭಾನುವಾರ ಐರ್ಲೆಂಡಿನ ಪಾಲು. ನನ್ನನ್ನು ಬಾಗಿಲ ಬಳಿ ಹೆಸರು ಬರೆದುಕೊಳ್ಳುವ ಮೇಜಿಗೆ ಕೂರಿಸಿದರು. ಕೈಗೆ ಎರಡು ಪಾಸು ಕೊಟ್ಟಿದ್ದರು. ರೂಮ್‌ಮೇಟ್ ಊರಿಗೆ ಹೋಗಿದ್ದಳು, ಬೇರೆ ಯಾರೂ ಹೊಳೆಯದೆ ಟೀಚರನ್ನು ಕೇಳಿದೆ. ಬರಲಿಕ್ಕಿಲ್ಲ ಅಂದುಕೊಂಡಿದ್ದೆ. "ಶನಿವಾರ ತಾನೆ? ಬರ್ತೀನಿ. ಶನಿವಾರ ಈ ಮನೇಲಿ ಕೂರೋಕಾಗಲ್ಲ" ಎಂದರು.

ಹೊರಗೆ ಹುಲ್ಲಿನ ಮೇಲೆ ಬೂರುಗದ ಕೆಂಪು ಹೂ ಉದುರಿದ್ದವು. ಕಂಬದಿಂದ ಕಂಬಕ್ಕೆ ಹಸಿರು ಬಾವುಟ. ಒಂದು ಟೆಂಟಿನಲ್ಲಿ ಕಥೆ ಹೇಳುವವರು, ಇನ್ನೊಂದರಲ್ಲಿ ಆಲೂಗಡ್ಡೆ, ಕೋಸು ಕಲಸಿದ ಪಲ್ಯದಂಥದ್ದೇನೋ, ಕಂದು ಬಣ್ಣದ ಬ್ರೆಡ್ಡು. ಟೀಚರ್ ಒಂದು ಚೂರು ತಿಂದು, "ಇದಕ್ಕೆ ಒಂದಿಷ್ಟು ಚಟ್ನಿ ಇದ್ದಿದ್ರೆ ನೀರಿಲ್ಲದೆ ಇಳೀತಿತ್ತು" ಎಂದರು. ಮರದ ಕೆಳಗೆ ಪಿಟೀಲು, ಕೊಳಲು ಹಿಡಿದ ಐದಾರು ಜನ ವೃತ್ತಾಕಾರವಾಗಿ ಕೂತು, ಕೇಳುವವರಿಗೆ ಬೆನ್ನು ತಿರುಗಿಸಿ, ತಮ್ಮತಮ್ಮಲ್ಲೇ ನುಡಿಸುತ್ತಿದ್ದರು. ನನಗೆ ಅದು ಅಹಂಕಾರ ಎನ್ನಿಸಿತು. ಟೀಚರ್ ಮಾತ್ರ ಬಲಗೈಯಲ್ಲಿ ತೊಡೆ ತಟ್ಟುತ್ತ ಅಲ್ಲೇ ನಿಂತುಬಿಟ್ಟರು. "ತಕಿಟ ತಕಿಟ… ಎಲ್ಲ ಮೂರು ಮೂರೇ ಕಣೇ" ಎಂದರು. ವರ್ಷದಲ್ಲಿ ಮೊದಲ ಸಲ ಅವರ ಬಾಯಲ್ಲಿ ತಾಳ ಕೇಳಿದ್ದೆ.

ನಾನು ಮೇಜಿಗೆ ಮರಳಿದೆ. ಮುಂದಿನದನ್ನು ಅರ್ಧ ನೋಡಿ, ಅರ್ಧ ಅವರಿಂದಲೇ ಕೇಳಿ ತಿಳಿದದ್ದು. ಐರ್ಲೆಂಡಿನಿಂದ ಬಂದ ಕುಣಿತದ ಹುಡುಗಿಯರು ಗುಂಗುರು ಕೂದಲಿನ ದೊಡ್ಡ ದೊಡ್ಡ ಟೋಪನ್ ಹಾಕಿಕೊಂಡಿದ್ದರು. ಕುಣಿಯುವಾಗ ಅದು ಪುಟಿಯಬೇಕಂತೆ. ಒಬ್ಬಳದು ವೇದಿಕೆಯ ಪಕ್ಕದಲ್ಲಿ ಜಾರಿ, ಹುಡುಗಿ ಅಳುವ ಹಾಗಾಗಿದ್ದಳು. ಟೀಚರ್ ಕೇಳದೆ ಕರೆಯದೆ ಹೋಗಿ, ಪಿನ್ನುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಒಂದೇ ಕೈಯಲ್ಲಿ ಅದನ್ನು ಗಟ್ಟಿಯಾಗಿ ಕೂರಿಸಿದರು. ಇಪ್ಪತ್ತೈದು ವರ್ಷ ಹುಡುಗಿಯರ ತಲೆಗೆ ಚೌರಿ ಕಟ್ಟಿದ ಕೈ ಅದು. ಆ ಹುಡುಗಿಯರ ಟೀಚರ್, ಅರವತ್ತರ ಆಸುಪಾಸಿನ ದಪ್ಪ ಹೆಂಗಸು, ಎರಡೂ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡವರು, ಇದನ್ನು ನೋಡಿದರು. ನೋಡಿ, ಮಧ್ಯಾಹ್ನ ಸಾರ್ವಜನಿಕರಿಗೆ ಕುಣಿತ ಕಲಿಸುವುದಿದೆ, ನೀವೂ ಬನ್ನಿ ಎಂದು ಎಳೆದುಕೊಂಡೇ ಹೋದರು.

ನಾನು ಮೇಜು ಬಿಟ್ಟು ಒಳಗೆ ಹೋಗುವಷ್ಟರಲ್ಲಿ ಟೀಚರ್ ವೇದಿಕೆಯ ಅಂಚಿನಲ್ಲಿ ಚಪ್ಪಲಿ ಬಿಡುತ್ತಿದ್ದರು. ಆ ಹೆಂಗಸು ಬೇಡ, ಬೇಡ, ಶೂ ಇದ್ದರೇ ಒಳ್ಳೆಯದು ಎಂದು ನಗುತ್ತಿದ್ದರು. ಟೀಚರ್ ಬರಿಗಾಲಲ್ಲೇ ಹತ್ತಿದರು. ಒಂದು ಕ್ಷಣ ನೆಲ ನೋಡಿದರು. ಸುತ್ತ ಇಪ್ಪತ್ತು ಜನ ಶೂ ತೊಟ್ಟು, ಚಹಾದ ಲೋಟ ಹಿಡಿದು, ಹರಟುತ್ತ ನಿಂತಿದ್ದರು. ನಮಸ್ಕಾರದ ಮಾತೇ ಅಲ್ಲಿರಲಿಲ್ಲ. ಆ ಹೆಂಗಸು ಕೈತಟ್ಟಿ ಹೇಳಿದರು: ಕೈಗಳನ್ನು ಮರೆತುಬಿಡಿ. ಪಕ್ಕಕ್ಕೆ ಇಳಿಬಿಡಿ, ಅಲ್ಲಾಡಿಸಬೇಡಿ. ನಮ್ಮಲ್ಲಿ ಯಾಕೆ ಹೀಗೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ, ಪಾದ್ರಿಗಳ ಭಯಕ್ಕೆ ಅಂತ ಕೆಲವರು, ಅಡುಗೆಮನೆ ಇಕ್ಕಟ್ಟಾಗಿತ್ತು ಅಂತ ಕೆಲವರು. ಏನಾದರಾಗಲಿ, ಈ ಕುಣಿತಕ್ಕೆ ಕಾಲು ಮಾತ್ರ ಸಾಕು.

ಟೀಚರ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅವರು ಕುಣಿದದ್ದನ್ನು ನಾನು ಪೂರ್ತಿ ನೋಡಿದ್ದೇನೆ ಎಂದು ಹೇಳಬೇಕೆನ್ನಿಸುತ್ತದೆ. ನೋಡಲಿಲ್ಲ. ಶುರುವಿನ ಹತ್ತು ನಿಮಿಷ ನೋಡಿದೆ. ಉಳಿದವರು ತಡವರಿಸುತ್ತಿದ್ದಾಗ ಅವರ ಪಾದ ಎರಡನೇ ಸುತ್ತಿಗೇ ಹಾದಿ ಹಿಡಿದಿತ್ತು. ಕೈ ಎರಡೂ ಸೀರೆಗೆ ಅಂಟಿಕೊಂಡು ಸುಮ್ಮನಿದ್ದವು, ಯಾವುದು ಏಳುವ ಕೈ, ಯಾವುದು ಏಳದ ಕೈ ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಆಮೇಲೆ ಮೇಜಿನಿಂದ ಕರೆ ಬಂತು, ಹೋದೆ. ವಾಪಸು ಬಂದಾಗ ಅವರು ಮುಖ ಒರೆಸಿಕೊಳ್ಳುತ್ತ ಕೂತಿದ್ದರು. ಆ ಹೆಂಗಸು, ನಾಳೆ ಸಂಜೆ ಮುಕ್ತಾಯಕ್ಕೆ ಎಂಟು ಜನರ ಗುಂಪು ಕುಣಿತವಿದೆ, ಇವರು ಅದರಲ್ಲಿ ಇರಲೇಬೇಕು ಎಂದು ನನಗೆ ಹೇಳಿದರು. ಹೆಚ್ಚು ಕಲಿಯಬೇಕೆಂದರೆ ಬರೆಯಲಿ ಎಂದು ಒಂದು ಚೀಟಿಯಲ್ಲಿ ತಮ್ಮ ಇಮೇಲ್ ಬರೆದು ನನ್ನ ಕೈಗೆ ಕೊಟ್ಟರು.

ಆಟೋದಲ್ಲಿ ಬರುವಾಗ ಟೀಚರ್ ನನ್ನ ಕಡೆ ತಿರುಗದೆಯೇ, "ಅದು ನಮ್ಮದಲ್ಲವಲ್ಲ, ಅದಕ್ಕೆ ನಮ್ಮ ನಮಸ್ಕಾರ ಬೇಕಾಗಿಲ್ಲ" ಎಂದರು. ಯಾರಿಗೋ ಒಪ್ಪಿಸುತ್ತಿದ್ದ ಹಾಗಿತ್ತು. ಮನೆ ಬಂದ ಮೇಲೆ ಮಂಚದ ಕೆಳಗಿನ ಮಣೆಯನ್ನು ನನ್ನಿಂದಲೇ ತೆಗೆಸಿದರು. ಜೂನಿನಲ್ಲಿ ಕ್ಲಾಸು ಮತ್ತೆ ಶುರು ಮಾಡುವ ಯೋಚನೆ ಹೇಳಿದರು. ಕಾಲಿನ ಪಾಠ ತಾವು ಹೇಳುವುದು, ಕೈಯದನ್ನು ದೊಡ್ಡ ಹುಡುಗಿಯರು ತೋರಿಸುವುದು. ನಮಸ್ಕಾರಕ್ಕೆ ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಅದಕ್ಕೂ ಏನೋ ಒಂದು ದಾರಿ ಹುಡುಕುತ್ತಿದ್ದರೇನೋ…

ನಾನು ಮೇಲೆ ಹೋಗಿ ಫೋನು ಹಿಡಿದೆ. ಅವರ ಹಳೆಯ ಶಿಷ್ಯೆಯೊಬ್ಬಳ ಅಮ್ಮನಿಗೆ, ಮಂಗಳೂರು ಕಡೆಯವರು, ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಾಗ ನಂಬರು ಕೊಟ್ಟಿದ್ದವರು, ನಾಳೆ ಟೀಚರ್ ಸ್ಟೇಜಿನ ಮೇಲೆ ಕುಣಿಯುತ್ತಾರೆ, ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದೆ. ಕಾಯಿಲೆಯ ವಿಷಯ ಎತ್ತಲಿಲ್ಲ. ಹುಡುಗಿಯರು ನೋಡಿದರೆ ಕ್ಲಾಸಿಗೆ ಮರಳಿ ಬರುತ್ತಾರೆ ಎಂಬ ಲೆಕ್ಕ ನನ್ನದು. ಟೀಚರ್‌ಗೆ ಖುಷಿಯಾಗುತ್ತದೆ ಎಂದೂ ಅಂದುಕೊಂಡೆ. ನಾಳಿನ ಕುಣಿತದ ವಿಷಯ ಹೇಳಬೇಡ ಎಂದು ಅವರು ಹೇಳಿರಲಿಲ್ಲ. ಈ ಒಂದು ಮಾತಿಗೆ ನಾನು ಇಷ್ಟು ವರ್ಷ ಜೋತುಬಿದ್ದಿದ್ದೇನೆ.

ಭಾನುವಾರ ಸಂಜೆ ಎಂಟು ಜನ ವೇದಿಕೆಯ ಮೇಲೆ ಎದುರುಬದುರಾಗಿ ನಿಂತಿದ್ದರು. ಪಿಟೀಲಿನವರು ಶ್ರುತಿ ನೋಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಬಾಗಿಲಿನಿಂದ ಆರು ಹುಡುಗಿಯರು ಓಡಿಬಂದರು. ಕ್ಲಾಸಿಗೆ ಉಡುತ್ತಿದ್ದ ಅದೇ ಹತ್ತಿಸೀರೆ, ಬಿಗಿ ಜಡೆ. ವರ್ಷದಿಂದ ಟೀಚರನ್ನು ಸರಿಯಾಗಿ ನೋಡಿರದ ಮಕ್ಕಳು. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಹೇಳಿಕೊಟ್ಟವರು ಟೀಚರೇ. ಗುರು ವೇದಿಕೆಯ ಮೇಲಿದ್ದರೆ ಮೊದಲು ಹೋಗಿ ಕಾಲು ಮುಟ್ಟಬೇಕು. ಚಪ್ಪಲಿ ಬಿಟ್ಟು ವೇದಿಕೆ ಹತ್ತಿ, ಸಾಲಾಗಿ ನಿಂತು, ಆರೂ ಜನ ಒಟ್ಟಿಗೆ ಬಗ್ಗಿದರು.

ಟೀಚರ್‌ಗೂ ಯೋಚಿಸಲು ಸಮಯವಿರಲಿಲ್ಲ. ಬಗ್ಗಿದ ತಲೆ ಕಂಡರೆ ಎರಡೂ ಕೈ ಎತ್ತಿ ಆಶೀರ್ವದಿಸುವುದು ಅವರ ರೂಢಿ. ಎರಡೂ ಕೈ ಎತ್ತಿದರು. ಬಲಗೈ ಮೇಲೆ ಹೋಯಿತು. ಎಡಗೈ ಎದೆಯವರೆಗೆ ಬಂದು ನಿಂತುಬಿಟ್ಟಿತು. ಸೆರಗು ಜಾರಿತು. ಉದ್ದ ತೋಳಿನ ರವಿಕೆ ಮೊಣಕೈಯವರೆಗೆ ಸರಿದು, ಆ ಎಲಾಸ್ಟಿಕ್ ತೋಳು, ಅದರ ತುದಿಯಲ್ಲಿ ಊದಿದ ಬೆರಳುಗಳು, ಎಲ್ಲ ಬೆಳಕಿಗೆ ಬಂದವು. ಎಲ್ಲರಿಗಿಂತ ಚಿಕ್ಕವಳು ತಲೆ ಎತ್ತಿ, ಕೈ ಯಾಕಿಷ್ಟು ಊದಿದೆ ಎಂದು ಇಡೀ ಸಭೆಗೆ ಕೇಳುವ ಹಾಗೆ ಹಿಂದಿಯಲ್ಲಿ ಕೇಳಿದಳು: "ಟೀಚರ್, ಆಪ್‌ಕಾ ಹಾಥ್ ಇತ್‌ನಾ ಸೂಜಾ ಕ್ಯೋಂ ಹೈ?"

ನನ್ನ ಪಕ್ಕದಲ್ಲಿ ನಿಂತಿದ್ದ ಮಂಗಳೂರಿನ ಅಮ್ಮ ಉಸಿರು ಎಳೆದುಕೊಂಡರು. "ಅಯ್ಯೋ ಪಾಪ… ನಮ್ಮ ಅತ್ತೆಗೂ ಇದೇ ಆಗಿದ್ದು. ಭುಜ ಅಲ್ಲ ಅಲ್ವಾ ಇದು?" ಎಂದು ನನ್ನ ಮುಖ ನೋಡಿದರು. ನಾನು ವೇದಿಕೆಯ ಕಡೆ ತಿರುಗಿದೆ. ಸಂಗೀತ ಶುರುವಾಯಿತು. ಏಳು ಜನ ಹೆಜ್ಜೆ ಹಾಕಿದರು. ಟೀಚರ್ ನಿಂತಲ್ಲೇ ನಿಂತಿದ್ದರು, ಉಳಿದವರು ಅವರನ್ನು ಬಳಸಿಕೊಂಡು ಸುತ್ತಿದರು. ಆ ದಪ್ಪ ಹೆಂಗಸು ಕೈಚಾಚಿ ಕರೆದರು. ಟೀಚರ್ ಮಕ್ಕಳ ತಲೆಯನ್ನು ಬಲಗೈಯಲ್ಲಿ ಒಂದೊಂದಾಗಿ ಸವರಿ, ಸೆರಗು ಸರಿಮಾಡಿಕೊಂಡು, ಮೆಟ್ಟಿಲಿಳಿದು ಚಪ್ಪಲಿ ಹುಡುಕಿದರು.

ವಾಪಸು ಬರುವಾಗ ಅವರು ಹೇಳಿದ್ದು ಒಂದೇ ಮಾತು. "ನೀನೊಬ್ಬಳು ನೋಡಿದ್ರೆ ಸಾಕಿತ್ತು."

ಸೋಮವಾರ ಎಂಟು ಗಂಟೆಗೆ ಎಂದಿನಂತೆ ಕೆಳಗಿಳಿದೆ. ಬಾಗಿಲು ತೆರೆದೇ ಇತ್ತು. ಪೌಡರ್ ಹಚ್ಚಿದೆ, ತೋಳು ಏರಿಸಿದೆ, ಸುಕ್ಕು ತೆಗೆದೆ. ತಪ್ಪಾಯಿತು ಎನ್ನಬೇಕಿತ್ತು. ಕ್ಯಾಬ್ ಹಾರ್ನ್ ಹೊಡೆಯಿತು, ಕಾಫಿ ಕುಡಿದು ಹೊರಟೆ. ಹೀಗೆ ಇನ್ನೂ ಮೂರು ತಿಂಗಳು ನಡೆಯಿತು. ತಪ್ಪಾಯಿತು ಎನ್ನಲು ತೊಂಬತ್ತು ಬೆಳಗು ಸಿಕ್ಕಿದ್ದವು.

ಕಾಲೋನಿಯವರು ಬಹಳ ಒಳ್ಳೆಯವರು. ಡಬ್ಬಿಯಲ್ಲಿ ಊಟ ಕಳಿಸಿದರು, ಗೋಧಿಹುಲ್ಲಿನ ರಸ ತಂದುಕೊಟ್ಟರು, ಯಾವುದೋ ಬಾಬಾನ ಉಸಿರಾಟ ಹೇಳಿಕೊಟ್ಟರು, ಸೋಫಾದ ಅಂಚಿನಲ್ಲಿ ಕೂತು ತಗ್ಗಿದ ದನಿಯಲ್ಲಿ ಮಾತಾಡಿದರು. ಕ್ಲಾಸು ಯಾವಾಗ ಶುರು ಎಂದು ಒಬ್ಬರೂ ಕೇಳಲಿಲ್ಲ. ಅಂಥವರನ್ನು ಹಾಗೆ ಕೇಳಬಾರದು ಎಂಬ ಸಭ್ಯತೆ. ಹುಡುಗಿಯರನ್ನು ಮಾರ್ಕೆಟ್ಟಿನ ಹಿಂದಿನ ಕಥಕ್ ಕ್ಲಾಸಿಗೆ ಸೇರಿಸಿದರಂತೆ. ಜೂನ್ ಕಳೆಯುವ ಮುಂಚೆ ಟೀಚರ್ ಮನೆ ಬಿಟ್ಟು ಪುಣೆಗೆ ಮಗಳ ಹತ್ತಿರ ಹೊರಟರು. ಮರದ ಮಣೆ ಯಾರ ಪಾಲಾಯಿತೋ ಗೊತ್ತಿಲ್ಲ. ನಾನೂ ಆ ವರ್ಷವೇ ಗುರ್ಗಾಂವಿಗೆ ಮನೆ ಬದಲಿಸಿದೆ.

ದೀಪಾವಳಿಯ ಹೊತ್ತಿಗೆ ಅವರ ಫೋನು ಬಂತು. ಆರೋಗ್ಯ, ಮೊಮ್ಮಗು, ಪುಣೆಯ ಮಳೆ, ಎಲ್ಲ ಆಯಿತು. ಆಮೇಲೆ ಕೇಳಿದರು: "ಏನೂ ಇಲ್ಲ… ಆ ಕುಣಿತದಲ್ಲಿ ಮೂರು ಹೆಜ್ಜೆ ಮುಂದಕ್ಕೆ ಹೋಗಿ ಹಿಂದೆ ಬರ್ತಾರಲ್ಲ, ಅಲ್ಲಿ ಒಂದು ಹಾರು ಇತ್ತು. ಅದು ಬಲಗಾಲಿಂದೋ, ಎಡಗಾಲಿಂದೋ? ಬೆಳಗ್ಗೆ ಎಲ್ಲರೂ ಹೊರಟ ಮೇಲೆ ಮಾಡ್ತಾ ಇರ್ತೀನಿ. ಅಲ್ಲಿ ಬಂದು ನಿಂತುಹೋಗ್ತೀನಿ. ನೀನು ನೋಡಿದ್ದೆಯಲ್ಲ?"

ನೋಡಿರಲಿಲ್ಲ. ಆಗ ನಾನು ಮೇಜಿನ ಬಳಿ ಇದ್ದೆ. ಹಾಗೆಂದು ಹೇಳದೆ, "ಆ ಮೇಡಮ್ಮಿಗೆ ಬರೆದು ಕೇಳಿ ಹೇಳ್ತೀನಿ ಟೀಚರ್" ಎಂದೆ. ಚೀಟಿ ನನ್ನ ಪರ್ಸಿನಲ್ಲೇ ಇತ್ತು. ನಾಳೆ ಬರೆದರಾಯಿತು ಅಂದುಕೊಂಡೆ. ಸಂಕ್ರಾಂತಿಗೆ ಮತ್ತೆ ಫೋನು ಮಾಡಿದ್ದರು, ಮೀಟಿಂಗಿನಲ್ಲಿದ್ದೆ, ಎತ್ತಲಿಲ್ಲ. ಯುಗಾದಿಗೂ ಮಾಡಿದ್ದರು. ಉತ್ತರ ಇಲ್ಲದೆ ಏನೆಂದು ಮಾತಾಡುವುದು ಎಂದು ನಾನಾಗಿ ಮಾಡಲಿಲ್ಲ. ಬರೆದಿದ್ದರೆ ಎರಡು ಸಾಲಿನ ಕೆಲಸ.

ಜೂನಿನಲ್ಲಿ ಅವರ ಮಗಳು ಫೋನು ಮಾಡಿದರು. ಕಾಯಿಲೆ ಮರಳಿತ್ತಂತೆ, ಕೊನೆಗೆ ಹೆಚ್ಚು ನರಳಲಿಲ್ಲವಂತೆ. ನಾನು ಕ್ಯಾಬಿನಲ್ಲಿದ್ದೆ, ಟೋಲಿನ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿದ್ದೆವು. ನನ್ನ ಬಾಯಿಂದ ಬಂದದ್ದು "ಅಚ್ಛಾ" ಎಂಬ ಒಂದೇ ಮಾತು. ಆಫೀಸಿನಲ್ಲಿ ಯಾರೋ ರಜೆ ಹೇಳಿದರೆ ಹೇಳುವಂಥ ಅಚ್ಛಾ. ಅಳು ಬರಲಿಲ್ಲ. ಆ ದಿನ ಆಫೀಸಿಗೆ ಹೋಗಿ ಕೆಲಸ ಮಾಡಿದೆ, ಮಧ್ಯಾಹ್ನ ಊಟವನ್ನೂ ಮಾಡಿದೆ.

ಅವರಿಲ್ಲ ಎಂದು ಬರೆಯುವಾಗ ಇವತ್ತಿಗೂ ನನಗೆ ಏನೂ ಆಗುತ್ತಿಲ್ಲ. ಬರೆಯುತ್ತ ಬರೆಯುತ್ತ ಏನಾದರೂ ಆದೀತು ಎಂದು ಕೂತೆ. ನಡುವೆ ಎದ್ದು ಫೋನಿನಲ್ಲಿ ಹುಡುಕಿದೆ. ಅಂಥ ಕುಣಿತ ಕಲಿಸುವ ವಿಡಿಯೋಗಳು ಈಗ ಬೇಕಾದಷ್ಟಿವೆ. ನಿಧಾನವಾಗಿ ಓಡಿಸಿದರೆ ಒಂದೊಂದು ಪಾದವೂ ಕಾಣುತ್ತದೆ. ಮೂರು ಹೆಜ್ಜೆ ಮುಂದೆ, ಆಮೇಲೆ ಹಿಂದೆ, ಅಲ್ಲೊಂದು ಹಾರು. ಹಾರುವುದು ಎಡಗಾಲಿನಲ್ಲಿ. ನೋಡಿ ತಿಳಿಯಲು ನನಗೆ ಎರಡು ನಿಮಿಷ ಹಿಡಿಯಿತು. ಅವರು ಎಂಟು ತಿಂಗಳು ಕಾದಿದ್ದರು.